ಥಂಡಿ ಖೋಲಿಯ ದೀಪ

ಸುದ್ದಿ ಬಂದದ್ದು ನವರಾತ್ರಿಯ ಪಂಚಮಿಯ ದಿನ ಬೆಳಿಗ್ಗೆ. ರಾವಸಾಹೇಬರು ಆಗ ದ್ರಾಕ್ಷಿ ತೋಟದಲ್ಲಿದ್ದರು. ಕಾಗವಾಡದ ಸುತ್ತ ಅದು ಚಾಟ್ನಿಯ ಕಾಲ. ಬಳ್ಳಿಯ ಕಡ್ಡಿಗಳನ್ನು ಕತ್ತರಿಸಿ, ಉಳಿದ ಕಣ್ಣುಗಳು ಒಟ್ಟಿಗೆ ಒಡೆಯಲೆಂದು ಕೆಂಪು ಬಣ್ಣ ಬೆರೆಸಿದ ಔಷಧಿಯನ್ನು ಒಂದೊಂದಕ್ಕೂ ಹಚ್ಚುತ್ತ ಹೋಗಬೇಕು. ಚಾಟ್ನಿಗೆ ಬಂದ ಹೆಂಗಸರಿಗೆ ಲಗಮವ್ವ ಮುಂದಾಳು. ಅವಳ ಕತ್ತರಿ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು.

"ಏನ್ರಿ ಕಾಕಾ, ಸ್ನೇಹಲಕ್ಕನ ಲಗ್ನದ ಊಟ ಈ ವರ್ಷರ ಹಾಕಸ್ತೀರಿಲ್ಲೊ?"

"ಆಕಿ ಒಪ್ಪಬೇಕಲ್ಲ. ನೋಡಾಕ ಬಂದವರಿಗೆಲ್ಲಾ ಕರೆಂಟಿನ ಪಾಠ ಹೇಳಿ ಕಳಸ್ತಾಳ."

"ಹಂಗಾರ ಆ ಥಂಡಿ ಖೋಲಿ ಕೂಡನ ಅಕ್ಕಿಕಾಳ ಹಾಕಿ ಬಿಡ್ರಿ. ಹೆಂಗೂ ದಿನಾ ಅಲ್ಲೇ ಇರ್ತಾಳ."

ಹೆಂಗಸರು ನಕ್ಕರು. ರಾವಸಾಹೇಬರೂ ನಕ್ಕರು. ಆ ನಗೆ ತುಟಿಯ ಮೇಲಿರುವಾಗಲೇ ಸಾಲಿನ ತುದಿಯಲ್ಲಿ ರಾಜಾರಾಮ ಬಂದು ನಿಂತ. ಸಕ್ಕರೆ ಕಾರ್ಖಾನೆಯ ವಿದ್ಯುತ್ ಅಂಗಳದಲ್ಲಿ ಸ್ನೇಹಲಳ ಕೈಕೆಳಗೆ ಕೆಲಸ ಮಾಡುವವನು ಅವನು. ಎಂದೂ ದೂರದಿಂದಲೇ "ಕಾಕಾ, ಚಹಾ ಆತೇನ್ರಿ" ಎಂದು ಕೂಗುತ್ತ ಬರುವವನು ಆ ದಿನ ಕೂಗಲಿಲ್ಲ.

"ಕಾಕಾ, ಮಿರಜಿಗೆ ಹೋಗೋದೈತ್ರಿ. ಅಕ್ಕಾರನ್ನ ದವಾಖಾನಿಗೆ ಒಯ್ದಾರ."

"ಏನಾಗೇತಿ?"

"ಉಸಿರು ಹತ್ತಲಿಲ್ರಿ."

"ಈಗ ಹೆಂಗದಾಳ?"

ರಾಜಾರಾಮ ನೆಲದ ಮೇಲೆ ಬಿದ್ದ ಕಡ್ಡಿಗಳನ್ನು ನೋಡುತ್ತ ನಿಂತ. ಕತ್ತರಿಗಳ ಸದ್ದು ಒಂದರ ಹಿಂದೆ ಒಂದು ನಿಂತಿತು. ರಾವಸಾಹೇಬರು ಮುಖ ಒರೆಸಿಕೊಳ್ಳಲು ಕೈಯೆತ್ತಿದರು. ಕೈಗವಸು ಔಷಧಿಯಿಂದ ಕೆಂಪಾಗಿತ್ತು. ಅದನ್ನು ಮುಖಕ್ಕೆ ತಾಗಿಸಬಾರದೆಂಬುದು ನೆನಪಿತ್ತು, ಮುಂದೇನು ಮಾಡಬೇಕೆಂಬುದು ಮಾತ್ರ ತಿಳಿಯಲಿಲ್ಲ. ಲಗಮವ್ವ ಬಂದು, ಕೂಸಿನ ಕೈಯಿಂದ ತೆಗೆಯುವ ಹಾಗೆ, ಎರಡೂ ಗವಸುಗಳನ್ನು ಎಳೆದು ತೆಗೆದಳು.

ಮಿರಜಿಯಿಂದ ಮಗಳು ಮನೆಗೆ ಬಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಕೆಲಸ ಮುಗಿಸಿ ಬಂದು ಮಲಗಿದವಳಂತೆ ಇದ್ದಳು. ಮಠದ ಅಯ್ಯನವರು ಬಂದರು. ತೋಟದ ದಂಡೆಯ ಮೇಲೆ ಗುಣಿ ತೋಡಿಸಿ, ಅವಳನ್ನು ಕೂರಿಸಿ, ಎಡ ಅಂಗೈಯಲ್ಲಿ ಅವಳ ಇಷ್ಟಲಿಂಗವನ್ನಿಟ್ಟು, ವಿಭೂತಿ ಪತ್ರಿ ಏರಿಸಿದರು. ಮಗಳ ಬೆರಳುಗಳನ್ನು ಲಿಂಗದ ಸುತ್ತ ಮಡಿಚಿದವರು ರಾವಸಾಹೇಬರು. ಹಿಂದೆ ಅವಳಿಗೆ ಅಕ್ಷರ ತಿದ್ದಿಸುವಾಗ ಬಳಪದ ಸುತ್ತ ಬಲಗೈ ಬೆರಳುಗಳನ್ನು ಹೀಗೆಯೇ ಮಡಿಚಿದ್ದರು.

ತಾಯಿ ಚನ್ನವ್ವ ಅತ್ತದ್ದು ಕಡಿಮೆ. ಅವರು ಎಲ್ಲರನ್ನೂ ಒಂದೇ ಮಾತು ಕೇಳಿದರು. "ಆಕಿ ಹತ್ರ ಯಾರಿದ್ರು?"

ಯಾರೂ ಇರಲಿಲ್ಲವೆಂದು ಯಾರಿಗೂ ಹೇಳಲಾಗಲಿಲ್ಲ. ಕೊನೆಗೆ ಅವರೇ ತಮಗೊಂದು ಉತ್ತರ ಕಂಡುಕೊಂಡರು. "ನನ್ನ ದೀಪ ಇತ್ತಲ್ಲ. ಅದರ ಬೆಳಕಿನಾಗ ಹ್ವಾದ್ಲು."

ಆ ದೀಪದ ಸಂಗತಿ ತಿಳಿಯಬೇಕಾದರೆ ಥಂಡಿ ಖೋಲಿ ಎಂದರೇನು ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಹಿಪ್ಪೆಯನ್ನು ಉರಿಸಿ ಕರೆಂಟು ಮಾಡುತ್ತವೆ. ಒಂದೊಂದಾಗಿ ಎಲ್ಲ ಕಾರ್ಖಾನೆಗಳೂ ಅದೇ ಹಳೆಯ ತಂತಿಗಳಿಗೆ ಕರೆಂಟು ಸುರಿಯತೊಡಗಿದವು. ಎಲ್ಲಾದರೂ ಕಬ್ಬಿನ ಟ್ರಾಲಿ ಕಂಬಕ್ಕೆ ಗುದ್ದಿ ತಂತಿಗೆ ತಂತಿ ತಾಗಿತೆಂದರೆ, ಎಲ್ಲ ದಿಕ್ಕಿನಿಂದಲೂ ಕರೆಂಟು ಆ ಒಂದೇ ಜಾಗಕ್ಕೆ ನುಗ್ಗುತ್ತದೆ. ಅಷ್ಟು ದೊಡ್ಡ ನುಗ್ಗನ್ನು ಕಡಿದು ನಿಲ್ಲಿಸುವ ಶಕ್ತಿ ಅಂಗಳದ ಹಳೆಯ ಬ್ರೇಕರುಗಳಿಗಿಲ್ಲ. ಅದಕ್ಕಾಗಿ ಒಂದು ಕಂಪನಿ ಪರೀಕ್ಷೆಗೆಂದು ಹೊಸ ಯಂತ್ರ ತಂದು ಕೂರಿಸಿತ್ತು. ಆ ಯಂತ್ರವಿದ್ದ ಕೋಣೆಯೇ ಊರವರ ಬಾಯಲ್ಲಿ ಥಂಡಿ ಖೋಲಿ. ಅದರ ಜವಾಬ್ದಾರಿ ಹೊತ್ತ ಇಂಜಿನಿಯರ್ ಸ್ನೇಹಲ.

ಅದನ್ನು ಅವಳು ಅವ್ವನಿಗೆ ತಿಳಿಸಿ ಹೇಳಿದ್ದು ಅಡಿಗೆಮನೆಯಲ್ಲಿ, ರೊಟ್ಟಿ ಬಡಿಯುತ್ತಿದ್ದವಳ ಎದುರು ಕೂತು. ರಾವಸಾಹೇಬರು ಪಡಸಾಲೆಯಲ್ಲಿ ಕೇಳಿಸಿಕೊಂಡಿದ್ದರು.

"ಒಂದು ದೊಡ್ಡ ಹಂಡೆ ಅವ್ವಾ. ಅದರಾಗ ರಿಬ್ಬನ್ನಿನಂಥಾ ಪಟ್ಟಿ ಸುತ್ತಿಟ್ಟಾರ. ಎಮ್ಮಿಗೆ ಸೂಜಿ ಮಾಡಾಕ ಬರೋ ಡಾಕ್ಟರ ಕ್ಯಾನಿನಾಗ ಹೊಗಿ ಆಡೋ ನೀರಿರ್ತೈತಲ್ಲ, ನೈಟ್ರೋಜನ್, ಅದರಾಗ ಆ ಪಟ್ಟಿ ಮುಳುಗಿರ್ತೈತಿ. ಅಷ್ಟು ಥಂಡಿಯೊಳಗ ಕರೆಂಟಿಗೆ ಎಳ್ಳಷ್ಟೂ ಅಡ್ಡಿ ಇಲ್ಲ, ಬರೇ ಹಾದು ಹೋಗ್ತೈತಿ. ಈ ಜಾತಿ ಪಟ್ಟಿಗೆ ಹೈ ಟೆಂಪರೇಚರ್ ಅಂತಾರ."

"ಹೈ ಅಂದ್ರ ಬಿಸಿ ಅಲ್ಲೇನ? ಥಂಡ್ಯಾಗಿಟ್ಟು ಬಿಸಿ ಅಂತಾರೇನವ್ವ ನಿಮ್ಮ ಶಾಣ್ಯಾರು?"

"ಹಳೀ ಜಾತಿವು ಇದಕ್ಕಿಂತ ಭಾಳ ಥಂಡಿ ಕೇಳತಿದ್ದುವು ಬೇ. ಅದರ ಮುಂದ ಇದು ಬಿಸಿನ."

"ಆತು. ಅಡ್ಡಿ ಮಾಡದಿದ್ರ ಅದು ಅಲ್ಲಿ ಯಾಕ ಬೇಕು?"

"ನಿನ್ನಂಗ ಅದು. ದಿನಾ ನೀ ಮನ್ಯಾಗ ಇದ್ದೀ ಅನ್ನೋದ ಗೊತ್ತಾಗೂದಿಲ್ಲ. ಅಪ್ಪಗ ಸಿಟ್ಟು ಏರಿತಂದ್ರ ನಡುವ ಗ್ವಾಡಿ ಆಗಿ ನಿಂದರ್ತಿ. ಸಿಟ್ಟು ಇಳದ ಮ್ಯಾಲೆ ಮತ್ತ ಮೊದಲಿನಂಗ. ಕರೆಂಟು ಮಿತಿ ಮೀರಿ ನುಗ್ಗಿತಂದ್ರ ಆ ಪಟ್ಟೀನೂ ಹಂಗ, ಕಣ್ಣು ಪಿಳುಕಿಸೂದ್ರಾಗ ತಾನ ಬಿಸಿಯಾಗಿ ಅಡ್ಡ ನಿಂದರ್ತೈತಿ. ಯಾರೂ ಹೇಳಬೇಕಾಗಿಲ್ಲ."

"ನಿಮ್ಮಪ್ಪಗ ಕೇಳಸ್ತೇನು ನೋಡು," ಎಂದು ಚನ್ನವ್ವ ನಕ್ಕಿದ್ದರು.

ಹೋದ ಹಂಗಾಮಿನಲ್ಲಿ ಒಂದು ಸಂಜೆ ಸ್ನೇಹಲ ಪೇಡೆಯ ಡಬ್ಬಿ ಹಿಡಿದು ಬಂದಿದ್ದಳು. ಅಥಣಿ ರಸ್ತೆಯಲ್ಲಿ ಟ್ರಾಲಿಯೊಂದು ಕಂಬ ಕೆಡವಿತ್ತು. ಊರಲ್ಲಿ ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆದವು, ಅಷ್ಟೇ. ಏನಾಯಿತೆಂದು ಪೇಡೆ ತಂದೆ ಎಂದು ಕೇಳಿದರೆ, "ಏನೂ ಆಗಲಿಲ್ಲಪ್ಪಾ, ಅದಕ್ಕ ತಂದೀನಿ" ಎಂದಳು. ಅವಳ ಸಂತೋಷದ ಪಾಲು ಪೇಡೆಯಷ್ಟೇ ಮನೆಯವರಿಗೆ ಸಿಕ್ಕಿತು. ಅದರ ಅರ್ಥ ಪೂರ್ತಿಯಾಗಿ ಸಿಗಲಿಲ್ಲ.

ಈ ವರ್ಷ ಹಂಗಾಮು ಹತ್ತಿರ ಬಂದಿತ್ತು. ನವರಾತ್ರಿಯಲ್ಲಿ ಕಾರ್ಖಾನೆಯ ಪ್ರತಿಯೊಂದು ವಿಭಾಗದಲ್ಲೂ ಘಟ ಕೂರಿಸಿ ನಂದಾದೀಪ ಇಡುವುದು ರೂಢಿ. ರಾಜಾರಾಮನಿಗೆ ತಮ್ಮ ಖೋಲಿಯಲ್ಲಿ ದೀಪವಿಲ್ಲವೆಂಬ ಕೊರಗು. ಚನ್ನವ್ವನಿಗೆ ಹೇಳಿದ. ಚನ್ನವ್ವ ತಮ್ಮ ತವರಿನ ಸಣ್ಣ ಹಿತ್ತಾಳೆ ದೀಪವನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಮಗಳ ಚೀಲದಲ್ಲಿಟ್ಟರು. ಸ್ನೇಹಲ ಬೇಡವೆನ್ನಲಿಲ್ಲ. ಆದರೆ ಅದನ್ನು ಖೋಲಿಯ ಹೊರಗೆ, ಗೋಡೆಯ ಗೂಡಿನಲ್ಲಿ ಇಡಿಸಿದಳು. ಪ್ರತಿ ಸಂಜೆ ಅವ್ವ ಕೇಳುತ್ತಿದ್ದರು, "ದೀಪ ಐತೇನ?" ಮಗಳು "ಐತಿ ಬೇ" ಎನ್ನುತ್ತಿದ್ದಳು.

ಸ್ನೇಹಲ ಹೋದ ಮೇಲೆ ಆ ದೀಪವನ್ನು ಮನೆಗೆ ತಂದುಕೊಟ್ಟವನು ರಾಜಾರಾಮ. ಚನ್ನವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು, ಆರದಂತೆ ನೋಡಿಕೊಂಡರು. ಬಾಯಿ ಕಟ್ಟಿಕೊಂಡಿದ್ದವರು ಆ ದೀಪದ ಮುಂದೆ ಕೂತಾಗ ಮಾತ್ರ ಒಂದಿಷ್ಟು ಅನ್ನ ಬಾಯಿಗಿಡುತ್ತಿದ್ದರು. ಮಾತನಾಡಿಸಲು ಬಂದವರಿಗೆ ತೋರಿಸುತ್ತಿದ್ದರು. "ಇದ ನೋಡ್ರಿ. ಆಕಿ ಹತ್ರ ಕಡೀತನಕ ಇದ್ದದ್ದು ಇದ." ರಾವಸಾಹೇಬರಿಗೆ ದೇವರ ಮೇಲೆ ಸಿಟ್ಟು ಬಂದ ಗಳಿಗೆಗಳಿದ್ದವು. ಹೆಂಡತಿ ಆ ದೀಪಕ್ಕೆ ಎಣ್ಣೆ ಹಾಕುವುದನ್ನು ನೋಡಿದಾಗ ಸಿಟ್ಟು ಇಳಿಯುತ್ತಿತ್ತು. ಇಷ್ಟಾದರೂ ಉಳಿಸಿದೆಯಲ್ಲ ತಂದೆ, ಎಂದುಕೊಳ್ಳುತ್ತಿದ್ದರು.

ಮಗಳ ಹೆಸರಿನ ಶಿವಗಣಾರಾಧನೆ ಮುಗಿದ ಮೇಲೆ ಒಂದು ದಿನ ರಾಜಾರಾಮ ತೋಟಕ್ಕೆ ಬಂದ. ಚಾಟ್ನಿ ಮಾಡಿದ ಬಳ್ಳಿಗಳಲ್ಲಿ ಕಣ್ಣು ಒಡೆದು ಹಸಿರು ಇಣುಕುತ್ತಿತ್ತು. ಅವನು ಗಡ್ಡ ಬಿಟ್ಟಿದ್ದ, ಅಂಗಿ ಸಡಿಲಾಗಿತ್ತು. ರಾವಸಾಹೇಬರ ಕಾಲ ಬಳಿ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತ.

"ಕಾಕಾ, ನಾ ಒಂದು ಮಾತು ಮುಚ್ಚಿಟ್ಟೀನ್ರಿ."

"ಹೇಳು."

"ಹೊರಗಿನ ಗೂಡಿನಾಗ ದೀಪ ನಿಲ್ಲವಲ್ದಾಗಿತ್ರಿ. ಗಾಳಿ. ಅಕ್ಕಾರು ಅಂತಿದ್ರು, ರಾಜಾರಾಮ, ದೀಪ ಆರದಂಗ ನೋಡ್ಕೊ, ಅವ್ವ ದಿನಾ ಕೇಳ್ತಾಳ ಅಂತ. ಚೌತಿ ದಿನ ಅಕ್ಕಾರು ಸಂಜೀಕ ಮನೀಗೆ ಹ್ವಾದ ಮ್ಯಾಲೆ ನಾನ ಅದನ್ನ ಒಳಗಿಟ್ಟೆ. ಯಂತ್ರದ ಮುಂದ, ನೆಲದ ಮ್ಯಾಲೆ. ಅಲ್ಲೂ ಗಾಳಿ ಬರತಿತ್ತು. ನೆಲದ ಹತ್ರ ಒಂದು ಜಾಳಿಗಿ ಐತ್ರಿ, ಅದರಾಗಿಂದ."

"ಹೂಂ."

"ಅದಕ್ಕ ಗೋಣಿಚೀಲ ತುರುಕಿದೆ."

ರಾವಸಾಹೇಬರಿಗೆ ತಕ್ಷಣ ತಿಳಿಯಲಿಲ್ಲ. ರಾಜಾರಾಮ ನೆಲ ನೋಡುತ್ತ ಬಿಡಿಸಿ ಹೇಳಿದ. ಹಂಡೆಗೆ ನೈಟ್ರೋಜನ್ ತುಂಬುವ ವಾಲ್ವಿನಿಂದ ಸ್ವಲ್ಪ ಸ್ವಲ್ಪ ಸೋರುವುದು ಇದ್ದದ್ದೇ. ಸೋರಿದ್ದು ಥಂಡಿಯಾದ್ದರಿಂದ ನೆಲಕ್ಕೆ ಇಳಿಯುತ್ತದೆ. ಆ ಜಾಳಿಗೆ ಇರುವುದೇ ಅದು ಹೊರಗೆ ಹೋಗಲೆಂದು. ಹೋಗದೆ ಒಳಗೇ ತುಂಬಿದರೆ, ಉಸಿರಿಗೂ ದೀಪಕ್ಕೂ ಬೇಕಾದ ಗಾಳಿಯನ್ನೇ ಅದು ದೂಡಿಬಿಡುತ್ತದೆ. ಹಿಪ್ಪೆಯ ದೂಳು ಬರಬಾರದೆಂದು ಬಾಗಿಲಿಗೆ ರಬ್ಬರು ಬಿಗಿದಿದ್ದರು, ಅಲ್ಲಿಂದ ಏನೂ ಹೋಗುವ ಹಾಗಿಲ್ಲ. ಗಾಳಿ ಕಡಿಮೆಯಾದರೆ ಕೂಗುವ ಯಂತ್ರ ಸುಮ್ಮಸುಮ್ಮನೆ ಕೂಗುತ್ತಿತ್ತೆಂದು ರಿಪೇರಿಗೆ ಹೋಗಿತ್ತು.

"ಹೊತ್ತು ಮುಳುಗಿದ ಮ್ಯಾಲೆ ಬಾಗಿಲದಾಗ ಹಣಿಕಿ ನೋಡಿದ್ರ ದೀಪ ಆರಿತ್ರಿ. ಬಗ್ಗಿ ಹಚ್ಚಿದೆ. ಮತ್ತ ಆರ್ತು. ಗಾಳಿ ಇಲ್ಲ, ಎಣ್ಣಿ ಐತಿ, ಬತ್ತಿ ಐತಿ, ಆದ್ರೂ ಆರ್ತು. ನನಗ ತಲಿ ತಿರಗಿದಂಗಾತು. ದೇವಿ ಮುನಿಸ್ಯಾಳಂತ ತಿಳಕೊಂಡೆ. ಅಂಜಿ ಬಾಗಿಲಾ ಹಾಕ್ಕೊಂಡು ಬಂದೆ. ಯಾರ ಮುಂದನೂ ಅನ್ನಲಿಲ್ಲ. ನಂದಾದೀಪ ಆರಿತು ಅಂತ ಹೆಂಗ ಹೇಳ್ಲಿ?" ಅವನ ದನಿ ಸಣ್ಣದಾಯಿತು. "ಮುಂಜಾನೆ ನನಗಿಂತ ಮೊದಲ ಅಕ್ಕಾರು ಬಂದಿದ್ರು. ಬಾಗಿಲಾ ತಗದು ಚೀಲ ನೋಡ್ಯಾರ. ನೋಡಿದ ಕೂಡ್ಲೆ ಅವರಿಗೆ ತಿಳಿದಿರಬೇಕ್ರಿ. ಒಂದ ಸಲ ಎಳದು ಬಂದ್ರಾತು ಅಂತ ಬಗ್ಯಾರ. ನಾ ನೋಡೂದ್ರಾಗ ಚೀಲದ ಚುಂಗು ಅವರ ಕೈಯಾಗಿತ್ತು."

ಬಳ್ಳಿಯ ಸಾಲಿನಲ್ಲಿ ಗಾಳಿ ಸುಳಿಯಿತು. ರಾವಸಾಹೇಬರು ಹಂದರದ ತಂತಿ ಹಿಡಿದುಕೊಂಡರು. ಇವನನ್ನು ಹೊಡೆಯಬೇಕೆಂದು ಒಂದು ಕ್ಷಣ ಅನ್ನಿಸಿತು. ಎದುರಿಗೆ ಕೂತವನ ಕುತ್ತಿಗೆಯಲ್ಲಿ ದೇವಿಯ ದಾರ ಕಾಣಿಸಿತು. ಹೊಡೆಯುವ ಕೈ ಮೇಲೇಳಲಿಲ್ಲ. ಇವನು ದೀಪ ಉಳಿಸಲು ಹೋದವನು. ದೀಪ ಕಳಿಸಿದವಳು ಅವ್ವ. ಆರಬಾರದೆಂದು ಹೇಳಿದವಳು ಮಗಳು. ಇದರಲ್ಲಿ ಯಾರ ಕೈ ಹಿಡಿದು ನಿಲ್ಲಿಸಬಹುದಿತ್ತು?

"ನಾ ಅವರನ್ನ ಹೊರಗ ಎಳದೆ. ಮಂದಿ ಬರೂದ್ರಾಗ ಅಂಜಿ ಚೀಲ ತಗದು ಒಗದೆ, ದೀಪ ಮುಚ್ಚಿಟ್ಟೆ. ಈಗ ಕಾಕೂನ ಕಾಲ ಹಿಡದು ಹೇಳ್ತೀನ್ರಿ. ಇಲ್ಲಾಂದ್ರ ನನಗ ಅನ್ನ ಇಳಿಯಂಗಿಲ್ಲ."

"ಬ್ಯಾಡ," ಎಂದರು ರಾವಸಾಹೇಬರು. "ನಿನಗ ಅನ್ನ ಇಳೀತೈತಿ, ಆಕೀಗೆ ಇಳಿಯೂದಿಲ್ಲ. ಆಕಿ ಆ ದೀಪ ಹಿಡಕೊಂಡು ಬದುಕಾಕತ್ತಾಳ. ನೀ ಹೇಳಬ್ಯಾಡ."

ರಾಜಾರಾಮ ಕೈಮುಗಿದು ಎದ್ದು ಹೋದ. ಆ ದಿನದಿಂದ ರಾವಸಾಹೇಬರಿಗೆ ತಮ್ಮ ಮನೆಯ ಜಗಲಿಯನ್ನು ಕಣ್ಣೆತ್ತಿ ನೋಡುವುದು ಕಷ್ಟವಾಯಿತು. ಪೂಜೆಗೆ ಕೂತರೆ ಅಂಗೈಯ ಲಿಂಗದ ಮೇಲೆ ನೋಟ ನಿಲ್ಲದೆ ದೀಪದ ಕಡೆ ಹೋಗುತ್ತಿತ್ತು. ಹೆಂಡತಿ ಬತ್ತಿ ಹೊಸೆಯುತ್ತಿದ್ದರೆ ಎದ್ದು ಹೊರಗೆ ಹೋಗುತ್ತಿದ್ದರು. ಹಿಂದೆ ಸಿಟ್ಟು ಏರಿದಾಗ ನಡುವೆ ಬಂದು ನಿಲ್ಲುತ್ತಿದ್ದವಳು ಅವಳು. ಈಗ ಅವಳಿಗೂ ಬರಲಿರುವ ಈ ಹೊಡೆತಕ್ಕೂ ನಡುವೆ ನಿಲ್ಲಬೇಕಾದವರು ತಾವು. ನಿಂತಷ್ಟೂ ಒಳಗೆ ಕುದಿಯುತ್ತಿತ್ತು.

ಅಷ್ಟರಲ್ಲಿ ಕಂಪನಿಯ ಕಡೆಯಿಂದ ಅಮಿತ ಎಂಬ ಅಧಿಕಾರಿ ಮನೆಗೆ ಬಂದ. ನಿಪ್ಪಾಣಿಯ ಹುಡುಗ, ಸ್ನೇಹಲಳ ಜೊತೆ ಕೆಲಸ ಮಾಡಿದವನು. ಅವನ ಹಿಂದೆ ರಾಜಾರಾಮನೂ ಬಂದು ಹೊಸ್ತಿಲ ಹೊರಗೆ ನಿಂತ. ಕೊಟ್ಟ ಚಹಾವನ್ನು ಅಮಿತ ಮುಟ್ಟಲಿಲ್ಲ.

"ಕಾಕಾ, ಬ್ಯಾರೆಯವರ ಬಾಯಿಂದ ಕೇಳೋದಕ್ಕಿಂತ ನಾನ ಹೇಳೋದು ಚಲೋ ಅಂತ ಬಂದೆ. ತನಿಖೆ ಮುಗೀತ್ರಿ."

"ಏನಂತಾರ?"

"ಕೆಳಗಿನ ಜಾಳಿಗಿ ತೆರದ ಇತ್ತು. ಅದು ತೆರದಿದ್ರ ಸಣ್ಣ ಸೋರಿಕಿಂದ ಹಿಂಗಾಗಂಗಿಲ್ಲ. ಹಿಂದಿನ ಸಂಜಿ ವಾಲ್ವು ಪೂರ್ತಿ ಬಿಟ್ಟಿರಬೇಕು. ಕಡೀಕ ಮುಟ್ಟಿದವರು ಮೇಡಮ್ಮಾರು." ಅಮಿತ ತಲೆ ತಗ್ಗಿಸಿದ. "ವಾಲ್ವು ಹಾಕೋದು ಮರತ್ರು ಅಂತ ಬರೀತಾರ. ಇದರಾಗ ಕಾರ್ಖಾನೆಯವರದು, ಯಂತ್ರದ್ದು ತಪ್ಪಿಲ್ಲ ಅಂತ."

ಒಳಬಾಗಿಲಲ್ಲಿ ಚನ್ನವ್ವ ನಿಂತಿದ್ದರು. "ಏನ ಮರತ್ಲು?"

ಅಮಿತ ಎದ್ದು ನಿಂತ.

"ನನ್ನ ಮಗಳು ಮನ್ಯಾಗ ಗ್ಯಾಸಿನ ಕಿವಿ ಎರಡೆರಡು ಸಲ ತಿರುವಿ ನೋಡಿ ಹೊಸ್ತಿಲಾ ದಾಟಾಕಿ. ಗಾಡಿ ಚಾಲೂ ಮಾಡಿದ ಮ್ಯಾಲೂ ಇಳದು ಬಂದು ನೋಡಿದ್ದೈತಿ. ಆಕಿ ಮರೀತಾಳ?" ಅವರು ಗಂಡನ ಕಡೆ ತಿರುಗಿದರು. "ನೀವ್ಯಾಕ ಸುಮ್ಮ ಕುಂತೀರಿ? ಹೇಳ್ರಿ ಅವರಿಗೆ. ಆಕಿ ಹಂಗ ಅಲ್ಲ ಅಂತ ಹೇಳ್ರಿ."

ರಾವಸಾಹೇಬರು ಹೊಸ್ತಿಲ ಕಡೆ ನೋಡಿದರು. ಹೇಳಿದರೆ ಇವಳ ಕೈಯಲ್ಲಿದ್ದ ದೀಪ ಹೋಗುತ್ತದೆ. ಹೇಳದಿದ್ದರೆ ಮಗಳ ಹೆಸರು ಹೋಗುತ್ತದೆ. ಎಲ್ಲ ದಿಕ್ಕಿನಿಂದಲೂ ನುಗ್ಗಿ ಬರುವುದನ್ನು ತಡೆಯಲು ಇನ್ನೊಂದು ಗಳಿಗೆ ಸಾಕಿತ್ತೋ ಏನೋ, ಆ ಗಳಿಗೆ ಅವರಿಗೆ ಸಿಗಲಿಲ್ಲ. ಹೊಸ್ತಿಲ ಹೊರಗಿನಿಂದ ರಾಜಾರಾಮ ಮಾತಾಡಿದ್ದ.

"ಅಕ್ಕಾರು ಮರತಿಲ್ರಿ ಸಾಹೇಬ್ರ. ಜಾಳಿಗಿ ಮುಚ್ಚಿತ್ರಿ. ಮುಚ್ಚಿದವ ನಾನು."

ಅವನು ಎಲ್ಲವನ್ನೂ ಹೇಳಿದ. ದೀಪ ಒಳಗಿಟ್ಟದ್ದು, ಚೀಲ ತುರುಕಿದ್ದು, ದೀಪ ಆರಿ ಆರಿ ಹೋದದ್ದು. ರಾವಸಾಹೇಬರು ಒಮ್ಮೆ "ಸಾಕೋ" ಎಂದರು. ಅವನು ನಿಲ್ಲಿಸಲಿಲ್ಲ. ನಿಲ್ಲಿಸುವುದು ಅವನ ಕೈಯಲ್ಲೂ ಉಳಿದಿರಲಿಲ್ಲ.

ಚನ್ನವ್ವ ಕೇಳುತ್ತ ಕೇಳುತ್ತ ಬಾಗಿಲ ಚೌಕಟ್ಟಿಗೆ ಒರಗಿದರು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದರು, "ಅಂದ್ರ ಕಡೀಕ ದೀಪ ಇರಲಿಲ್ಲ."

"ಇಲ್ರಿ ಕಾಕು."

"ಕತ್ತಲ್ದಾಗ ಇದ್ಲು."

"ಬಾಗಿಲಾ ತೆರದಿತ್ರಿ. ಬೆಳಕಾಗಿತ್ತು."

ಆ ಸಣ್ಣ ಉತ್ತರವನ್ನು ಚನ್ನವ್ವ ಹಿಡಿದುಕೊಂಡರೋ ಬಿಟ್ಟರೋ ರಾವಸಾಹೇಬರಿಗೆ ತಿಳಿಯಲಿಲ್ಲ. ಅವರು ಒಳಗೆ ಹೋದರು. ಜಗಲಿಯಿಂದ ದೀಪ ತಂದು, ಉರಿಯುತ್ತಿದ್ದ ಹಾಗೆಯೇ ಅಮಿತನ ಮುಂದೆ ನೆಲದ ಮೇಲಿಟ್ಟರು.

"ಇದ ಆ ದೀಪ. ನನ್ನ ತವರಿಂದು. ನಾ ಕಳಿಸಿದ್ದು. ಬರೀರಿ. ದೀಪ ಆಕಿ ತಾಯೀದು, ದಿನಾ ಕೇಳಿ ಕೇಳಿ ಉಳಸ್ರಿ ಅಂದಾಕಿ ಆಕಿ ತಾಯಿ ಅಂತ ಬರೀರಿ. ನನ್ನ ಮಗಳು ಏನೂ ಮರತಿಲ್ಲ."

"ಕಾಕು, ಹಂಗ ಬರಿಯಾಕ ಬರಂಗಿಲ್ರಿ."

"ಇವನೊಬ್ಬನ ಮ್ಯಾಲ ಹಾಕಬ್ಯಾಡ್ರಿ. ಇವನೂ ಭಕ್ತಿಲೆ ಮಾಡ್ಯಾನ."

ಅಮಿತ ಎರಡೂ ಕೈ ಮುಗಿದ. ಎಲ್ಲವನ್ನೂ ಮೇಲಿನವರಿಗೆ ತಿಳಿಸುತ್ತೇನೆ, ಮೇಡಮ್ಮಾರ ಹೆಸರಿಗೆ ಕುಂದು ಬರುವುದಿಲ್ಲ, ಎಂದಷ್ಟೇ ಹೇಳಿದ. ರಾಜಾರಾಮನನ್ನು ಏನು ಮಾಡುತ್ತಾರೆಂದು ರಾವಸಾಹೇಬರು ಕೇಳಿದರು. ಅದು ತನ್ನ ಕೈಯಲ್ಲಿಲ್ಲ ಎಂದ. ಯಂತ್ರ ಉಳಿಯುತ್ತದೆಯೇ ಎಂದು ಕೇಳಿದರು. ಅದೂ ತನ್ನ ಕೈಯಲ್ಲಿಲ್ಲ ಎಂದ. ಜೀಪು ಹೋಯಿತು. ರಾಜಾರಾಮ ಅದರಲ್ಲಿ ಹತ್ತದೆ, ರಸ್ತೆ ಹಿಡಿದು ನಡೆದುಕೊಂಡು ಹೋದ.

ಹೊತ್ತು ಇಳಿಯುತ್ತಿತ್ತು. ಪಡಸಾಲೆಯ ನೆಲದ ಮೇಲೆ ದೀಪ ಹಾಗೆಯೇ ಉರಿಯುತ್ತಿತ್ತು. ಇಬ್ಬರೂ ಅದರ ಆಚೆ ಈಚೆ ಕೂತಿದ್ದರು.

"ನಿಮಗ ಮೊದಲ ಗೊತ್ತಿತ್ತು," ಎಂದರು ಚನ್ನವ್ವ.

"ಗೊತ್ತಿತ್ತು."

"ನನಗ ಅನ್ಲಿಲ್ಲ."

"ಹೆಂಗನ್ಲಿ, ಚನ್ನಿ?"

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ರಾವಸಾಹೇಬರಿಗೆ ಅನ್ನಿಸಿತು. ಚನ್ನವ್ವ ದೀಪವನ್ನು ಎತ್ತಿಕೊಂಡು ಎದ್ದರು. "ಬರ್ರಿ" ಎಂದರು.

ಇಬ್ಬರೂ ತೋಟದ ದಂಡೆಗೆ ಹೋದರು. ಸಮಾಧಿಯ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಕೃಷ್ಣೆಯ ಕಡೆಯಿಂದ ಸಂಜೆಯ ಗಾಳಿ ಬೀಸುತ್ತಿತ್ತು. ಚನ್ನವ್ವ ದೀಪವನ್ನು ಸಮಾಧಿಯ ಮುಂದೆ ಬಯಲಿನಲ್ಲಿಟ್ಟರು. ಕುಡಿ ಅತ್ತ ಇತ್ತ ಒದ್ದಾಡಿತು. ರಾವಸಾಹೇಬರು ಅಭ್ಯಾಸದಿಂದ ಬಗ್ಗಿ ಎರಡೂ ಅಂಗೈಗಳನ್ನು ಅದಕ್ಕೆ ಮರೆ ಹಿಡಿದರು.

"ಕೈ ತಗೀರಿ," ಎಂದರು ಚನ್ನವ್ವ. "ಗಾಳಿ ಬರ್ಲಿ. ಆಕೀಗೆ ಗಾಳಿ ಬೇಕು."

ಅವರು ಕೈ ತೆಗೆದರು. ದೀಪ ಇನ್ನೊಂದಿಷ್ಟು ಹೊತ್ತು ಇತ್ತು, ಆಮೇಲೆ ಆರಿತು. ಬತ್ತಿಯಿಂದ ಎದ್ದ ಹೊಗೆ ದ್ರಾಕ್ಷಿ ಹಂದರದ ಮೇಲೆ ಹಾದು ಹೋಯಿತು. ಯಾರೂ ಅದನ್ನು ಮತ್ತೆ ಹಚ್ಚಲಿಲ್ಲ. ಚನ್ನವ್ವ ಮಣ್ಣಿನ ಮೇಲೆ ಕೈಯೂರಿ ಕೂತರು. ಆಗ ಅಳು ಬಂತು. ಅದನ್ನು ತಡೆಯುವ ಯಾವ ಉಪಾಯವೂ ರಾವಸಾಹೇಬರಲ್ಲಿರಲಿಲ್ಲ. ಪಕ್ಕದಲ್ಲಿ ಕೂತು, ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು.

ಶಿವನೇ, ನಮಗೆ ತಿಳಿದದ್ದು ಇಷ್ಟೇ. ದೀಪ ಹಚ್ಚುವುದು ತಿಳಿದಿತ್ತು, ಅದು ಯಾಕೆ ಆರಿತೆಂದು ಕೇಳುವುದು ತಿಳಿಯಲಿಲ್ಲ. ನಮ್ಮ ಅರಿಯದ ಭಕ್ತಿಯನ್ನು ಮನ್ನಿಸು. ಆ ರಾಜಾರಾಮನ ಮನೆಯಲ್ಲಿ ಒಲೆ ಆರದಿರಲಿ, ಅವನಿಗೆ ಅನ್ನ ಇಳಿಯಲಿ. ಈ ತಾಯಿಗೆ ಇವತ್ತಿನ ರಾತ್ರಿ ಕಳೆಯುವಷ್ಟು ಬಲ ಕೊಡು. ನಮ್ಮ ಸ್ನೇಹಲ ಊರಿನ ಮನೆಗಳಲ್ಲಿ ದೀಪ ಆರದಿರಲೆಂದು ದುಡಿದವಳು. ಅವಳನ್ನು ನಿನ್ನ ಹತ್ತಿರ ಕೂರಿಸಿಕೋ. ಬಾಗಿಲು ಜಾಳಿಗೆ ಇಲ್ಲದ ಬಯಲಿನಲ್ಲಿ ಅವಳು ಎದೆ ತುಂಬ ಉಸಿರಾಡಲಿ ತಂದೆ. ಅವಳಿಗೆ ಶಾಂತಿ ಕೊಡು.